ಹ್ಯಾಮಿಲ್ಟನ್ನಾ, ಗ್ರೂಯೆನ್ನಾ, ಎಲ್ಜಿನ್ನಾ? ಹಳೇ ಅಮೆರಿಕನ್ ಆರ್ಟ್ ಡೆಕೊ ವಾಚು ಕೊಳ್ಳುವ ಮುನ್ನ

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ಹಳೇ ವಾಚು ಕೊಳ್ಳಲು ಹೊರಟವರೆಲ್ಲ ಮೊದಲು ಕೇಳುವುದು ಯಾವ ಕಂಪನಿಯದು ತಗೊಳ್ಳಲಿ ಅಂತ. ನನ್ನ ಲೆಕ್ಕದಲ್ಲಿ ಅದು ಮೂರನೇ ಪ್ರಶ್ನೆ. ಡಯಲ್ ಮೇಲೆ ಯಾರಾದರೂ ಮತ್ತೆ ಬಣ್ಣ ಬಳಿದಿದ್ದಾರಾ? ಇದು ಮೊದಲನೆಯದು. ಕೇಸಿನ, ಅಂದರೆ ಹೊರಗಿನ ಲೋಹದ ಕವಚದ, ಅಂಚು, ಮೂಲೆಗಳು ಇನ್ನೂ ಚೂಪಾಗಿ ಉಳಿದಿವೆಯಾ? ಇದು ಎರಡನೆಯದು. ಇವೆರಡೂ ಸರಿಯಿದ್ದರೆ ಸಾಧಾರಣ ಎಲ್ಜಿನ್ ಕೂಡ ಕಣ್ಣಿಗೆ ಹಬ್ಬ. ಇವೆರಡೂ ಹೋಗಿದ್ದರೆ ಎಷ್ಟೇ ದೊಡ್ಡ ಹೆಸರಿನ ವಾಚಾದರೂ ನನಗೆ ಬೇಡ.

ನಾನು ಇಲ್ಲಿ ಮಾತಾಡುತ್ತಿರುವುದು 1920ರ ದಶಕದ ನಡುವಿನಿಂದ 1942ರವರೆಗೆ ಅಮೆರಿಕದಲ್ಲಿ ಮಾರಾಟವಾದ ಕೀ ಕೊಡುವ ವಾಚುಗಳ ಬಗ್ಗೆ. 1942 ಯಾಕೆ ಅಂದರೆ, ಆ ವರ್ಷ ಹ್ಯಾಮಿಲ್ಟನ್ ಕಂಪನಿ ಜನರ ವಾಚು ಮಾಡುವುದನ್ನು ನಿಲ್ಲಿಸಿ ಪೂರ್ತಿ ಯುದ್ಧದ ಕೆಲಸಕ್ಕೆ ಇಳಿಯಿತು, ಸೈನಿಕರ ವಾಚು, ಹಡಗಿನಲ್ಲಿ ಬಳಸುವ ಕ್ರೋನೋಮೀಟರು ಅನ್ನುವ ನಿಖರ ಗಡಿಯಾರ ಮಾಡತೊಡಗಿತು. ಯುದ್ಧ ಮುಗಿದ ಮೇಲೆ ಬಂದ ವಾಚುಗಳ ಮುಖವೇ ಬೇರೆ.

ನೋಡಿದ ಕೂಡಲೇ ಕಾಲ ಹೇಳುವುದು

ಆರ್ಟ್ ಡೆಕೊ ಅನ್ನುವುದು ಒಂದು ವಿನ್ಯಾಸ ಶೈಲಿ, ಆ ಹೆಸರು ಹುಟ್ಟಿದ್ದು 1925ರಲ್ಲಿ ಪ್ಯಾರಿಸ್‌ನಲ್ಲಿ ನಡೆದ ಅಲಂಕಾರ ಕಲೆಗಳ ದೊಡ್ಡ ಪ್ರದರ್ಶನದಿಂದ. ಆ ಪ್ರದರ್ಶನದಲ್ಲಿ ಅಮೆರಿಕ ಭಾಗವಹಿಸಿರಲೇ ಇಲ್ಲ. ಆದರೂ ಆ ಶೈಲಿ ಅಮೆರಿಕಕ್ಕೆ ಹೋದ ಮೇಲೆ ಅಲ್ಲಿನ ನೀರು ಕುಡಿದು ಬೇರೆಯೇ ರೀತಿ ಬೆಳೆಯಿತು. ನ್ಯೂಯಾರ್ಕಿನಲ್ಲಿ 1916ರಿಂದ ಒಂದು ಕಾನೂನು ಇತ್ತು. ಬೀದಿಗೆ ಗಾಳಿ ಬೆಳಕು ಬೀಳಬೇಕು, ಅದಕ್ಕೆ ಕಟ್ಟಡ ಎತ್ತರ ಹೋದಂತೆಲ್ಲ ಹಿಂದಕ್ಕೆ ಸರಿಯಬೇಕು ಅಂತ. ಹಾಗಾಗಿ ಅಲ್ಲಿನ ಎತ್ತರದ ಕಟ್ಟಡಗಳು ಮೆಟ್ಟಿಲು ಮೆಟ್ಟಿಲಾಗಿ ಎದ್ದವು. 1930ರ ಕ್ರೈಸ್ಲರ್ ಕಟ್ಟಡ, 1931ರ ಎಂಪೈರ್ ಸ್ಟೇಟ್ ಕಟ್ಟಡ ನೋಡಿ. ಆ ಮೆಟ್ಟಿಲುಗಳೇ ವಾಚಿನ ಕೇಸಿಗೂ ಇಳಿದು ಬಂದವು. ಗ್ಲಾಸಿನ ಎರಡೂ ಪಕ್ಕ ಕೂದಲೆಳೆಯಷ್ಟು ಎತ್ತರದ ಎರಡು ಮೂರು ಮೆಟ್ಟಿಲು, ಕೊನೆಯ ಮೆಟ್ಟಿಲು ಇಳಿದರೆ ಬೆಲ್ಟು. ಮುಂಬಯಿಯ ಮರೀನ್ ಡ್ರೈವ್‌ನ ಹಳೇ ಮನೆಗಳ ಬಾಲ್ಕನಿ ನೋಡಿದವರಿಗೆ ಈ ಗೆರೆಗಳ ಗುರುತು ಕೂಡಲೇ ಸಿಗುತ್ತದೆ.

ಕಾಲ ಗುರುತಿಸಲು ಬಣ್ಣವೂ ಸಾಕು. ಬಿಳಿ ಚಿನ್ನದ ಕೇಸು, ಅದರ ಅಂಚಿನ ತುಂಬ ಕೆತ್ತನೆ, ದಿಂಬಿನ ಆಕಾರ ಅಥವಾ ಪೀಪಾಯಿ ಆಕಾರ ಇದ್ದರೆ ಅದು ಹೆಚ್ಚಾಗಿ 1920ರ ದಶಕದ್ದು, ಇಲ್ಲವೇ 1930ರ ಮೊದಲ ವರ್ಷಗಳದ್ದು. ಕೆತ್ತನೆ ಹೋಗಿ ಹಳದಿ ಚಿನ್ನ ಬಂದು, ಕೇಸು ಉದ್ದವಾಗಿ ನುಣುಪಾಗಿ ಮಣಿಕಟ್ಟಿನ ಮೇಲೆ ಬಾಗಿದ್ದರೆ 1935ರಿಂದ ಈಚೆಯದು. ತಾಮ್ರದ ಕೆಂಪು ಬೆರೆತ ಚಿನ್ನ ಇದ್ದರೆ 1940ರ ಆಸುಪಾಸು. ಇದು ಕಲ್ಲಿನ ಮೇಲೆ ಬರೆದ ನಿಯಮ ಅಲ್ಲ, ಆದರೆ ಫೋಟೋ ನೋಡಿ ಒಂದು ಅಂದಾಜು ಹಾಕಲು ಇಷ್ಟು ಸಾಕು.

ಅಳತೆ ಬಗ್ಗೆ ಒಂದು ಎಚ್ಚರ. ಈಗಿನ ದಪ್ಪ ವಾಚು ಕಟ್ಟಿ ರೂಢಿಯಾದವರಿಗೆ ಇವು ತೀರಾ ಚಿಕ್ಕದು ಅನ್ನಿಸುತ್ತವೆ. ಗಂಡಸರ ಉದ್ದ ಚೌಕದ ವಾಚು ಅಗಲದಲ್ಲಿ 20ರಿಂದ 24 ಮಿಲಿಮೀಟರ್ ಇದ್ದರೆ ಹೆಚ್ಚು. ಬೆಲ್ಟಿನ ಜಾಗ ಸಾಮಾನ್ಯವಾಗಿ ಇಂಚಿನ ಎಂಟರಲ್ಲಿ ಐದು ಭಾಗ, ಅಂದರೆ ಹತ್ತಿರ ಹತ್ತಿರ 16 ಮಿಲಿಮೀಟರ್. ಎರಡು ವಾರ ಕಟ್ಟಿ ನೋಡಿ, ಆಮೇಲೆ ನಿಮ್ಮ ಹಳೇ ವಾಚು ಕೈಗೆ ತಟ್ಟೆ ಕಟ್ಟಿದಂತೆ ಕಾಣುತ್ತದೆ. ಹೆಂಗಸರ ವಾಚುಗಳಂತೂ ಹುಣಸೆ ಬೀಜದಷ್ಟು. ನೋಡಲು ಚೆಂದ, ಆದರೆ ಅಷ್ಟು ಪುಟ್ಟ ಮಷೀನನ್ನು ಬಿಚ್ಚಿ ಸರಿಮಾಡುವವರು ಸಿಗುವುದು ಕಷ್ಟ. ಮೊದಲ ವಾಚಿಗೆ ಅದು ಬೇಡ.

ಡಯಲ್: ಹಾಗೇ ಇರುವುದಾ, ಬಣ್ಣ ಬಳಿದದ್ದಾ?

ಇಲ್ಲಿ ನಿಧಾನವಾಗಿ ಓದಿ, ಏಕೆಂದರೆ ದುಡ್ಡು ಹೋಗುವುದೂ ಉಳಿಯುವುದೂ ಇಲ್ಲೇ.

ಎಂಬತ್ತು ತೊಂಬತ್ತು ವರ್ಷದ ಡಯಲ್ ಮಾಸಿರುತ್ತದೆ. ಒಳ್ಳೆಯ ವಾಚುಗಳ ಡಯಲ್ ಬೆಳ್ಳಿಯದು, ಬೆಳ್ಳಿ ಕಪ್ಪಾಗುತ್ತದೆ, ಅಂಚಿನಲ್ಲಿ ತೆಳು ಕಂದು ಕಲೆ ಕೂರುತ್ತದೆ. ಅದನ್ನು ನೋಡಿ ಬೇಸರಪಟ್ಟವರು ಆ ಕಾಲದಿಂದಲೂ ಡಯಲ್ ಬಿಚ್ಚಿಸಿ, ತಿಕ್ಕಿಸಿ, ಹೊಸದಾಗಿ ಅಚ್ಚು ಹಾಕಿಸಿಕೊಂಡು ಬಂದಿದ್ದಾರೆ. ಅದಕ್ಕೆ ರೀಡಯಲ್ ಅನ್ನುತ್ತಾರೆ. ನಮ್ಮ ದೇಶದಲ್ಲೂ ಹಳೇ ಎಚ್‌ಎಂಟಿ, ಹಳೇ ಸ್ವಿಸ್ ವಾಚುಗಳಿಗೆ ಢಾಳಾದ ಬಣ್ಣ ಬಳಿದು ಮಾರುವುದನ್ನು ನೀವು ನೋಡಿಯೇ ಇರುತ್ತೀರಿ. ಅಮೆರಿಕದ ರೀಡಯಲ್ ಅಷ್ಟು ಒರಟಲ್ಲ, ಅದಕ್ಕೇ ಮೋಸ ಹೋಗುವುದು ಸುಲಭ.

ಕಣ್ಣಿಗೆ ಹಾಕುವ ಗ್ಲಾಸು ಇಟ್ಟುಕೊಂಡು ನೋಡಿ, ಇಲ್ಲವೇ ಫೋಟೋ ದೊಡ್ಡದು ಮಾಡಿ ನೋಡಿ. ಆರರ ಜಾಗದಲ್ಲಿ ಸೆಕೆಂಡಿನ ಪುಟ್ಟ ಚೌಕವೋ ವೃತ್ತವೋ ಇರುತ್ತದೆ. ಅದರ ಗೆರೆಗಳು ಸುತ್ತ ಸಮನಾಗಿವೆಯಾ, ಸೆಕೆಂಡ್ ಮುಳ್ಳಿನ ಬುಡ ಅದರ ನಟ್ಟನಡುವೆ ಇದೆಯಾ? ಕಾರ್ಖಾನೆಯ ಕೆಲಸದಲ್ಲಿ ಇದು ಕೂದಲೆಳೆಯಷ್ಟೂ ತಪ್ಪುವುದಿಲ್ಲ. ರೀಡಯಲ್‌ನಲ್ಲಿ ಚೌಕ ಒಂದು ಪಕ್ಕಕ್ಕೆ ವಾಲಿರುತ್ತದೆ. ಆಮೇಲೆ ಹೊರಗಿನ ನಿಮಿಷದ ಗೆರೆಗಳು. 12ರ ಕೆಳಗಿನ ಗೆರೆ ಅಂಕಿಯ ನಡುವೆಯೇ ಬಂದಿದೆಯಾ, 5 ಮತ್ತು 7ರ ಹತ್ತಿರ ಗೆರೆ ಸೆಕೆಂಡಿನ ಚೌಕದೊಳಗೆ ನುಗ್ಗಿದೆಯಾ? ಕಂಪನಿಯ ಹೆಸರಿನ ಅಕ್ಷರಗಳು ದಪ್ಪ ದಪ್ಪ, ಅಂಚಿನಲ್ಲಿ ಶಾಯಿ ಹರಡಿದಂತೆ ಇದ್ದರೆ ಅನುಮಾನ ಪಡಿ. ಗ್ಲಾಸು ತೆಗೆದಾಗ ಡಯಲಿನ ಅಂಚಿನಲ್ಲಿ ಒಂದು ಪುಟ್ಟ ಕಚ್ಚು ಕಂಡರೆ ಹೆಚ್ಚು ಕಡಿಮೆ ಖಚಿತ. ಅಚ್ಚು ಹಾಕುವಾಗ ದಿಕ್ಕು ತಪ್ಪದಿರಲಿ ಅಂತ ರೀಡಯಲ್ ಮಾಡುವವರು ಹಾಕಿಕೊಳ್ಳುವ ಗುರುತು ಅದು.

ಹಾಗಂತ ರೀಡಯಲ್ ಆದ ವಾಚು ಕೊಳ್ಳಲೇಬಾರದು ಅಂತಲ್ಲ. ಐವತ್ತು ವರ್ಷದ ಹಿಂದೆ ಅಚ್ಚುಕಟ್ಟಾಗಿ ಮಾಡಿದ್ದು, ಬೆಲೆಯೂ ಅದಕ್ಕೆ ತಕ್ಕಂತೆ ಇದೆ, ಮಾರುವವರೂ ಅದನ್ನು ಬಾಯಿಬಿಟ್ಟು ಹೇಳುತ್ತಾರೆ ಅಂದರೆ ದಿನಾ ಕಟ್ಟಲು ತಗೊಳ್ಳಿ, ತೊಂದರೆ ಇಲ್ಲ. ಆದರೆ ಪಕ್ಕಪಕ್ಕದಲ್ಲಿ ಎರಡು ಇಟ್ಟರೆ, ಒಂದು ಮಾಸಿದ ಮೂಲ ಡಯಲ್, ಇನ್ನೊಂದು ಹಾಲಿನಂತೆ ಬೆಳ್ಳಗೆ ಹೊಳೆಯುವ ರೀಡಯಲ್, ನಾನು ಎರಡನೇ ಸಲ ಯೋಚಿಸದೆ ಮಾಸಿದ್ದನ್ನೇ ಎತ್ತಿಕೊಳ್ಳುತ್ತೇನೆ. ಹ್ಯಾಮಿಲ್ಟನ್ನಿನ ಒಂದು ಮೂಲ ಡಯಲನ್ನು ಬೆಳಗಿನ ಬಿಸಿಲಲ್ಲಿ ಓರೆಯಾಗಿ ಹಿಡಿದು ನೋಡಿದ್ದೇನೆ. ಅಂಕಿಗಳು ಅಚ್ಚಿನವಲ್ಲ, ಬಿಡಿ ಬಿಡಿ ಚಿನ್ನದ ತುಂಡುಗಳು. ಒಂದೊಂದಕ್ಕೂ ಹಿಂದೆ ಪುಟ್ಟ ಕಾಲು, ಆ ಕಾಲು ಡಯಲಿನ ತೂತಿನಲ್ಲಿ ಇಳಿದು ಹಿಂಬದಿಯಲ್ಲಿ ಕೂತಿರುತ್ತದೆ. ಬೆಳಕು ತಿರುಗಿದಂತೆ ಪ್ರತಿ ಅಂಕಿಯ ನೆರಳು ಬೆಳ್ಳಿಯ ಮೇಲೆ ಸರಿಯುತ್ತದೆ. ಆ ನೆರಳನ್ನು ಯಾವ ಅಚ್ಚೂ ಕೊಡಲಾರದು.

ಇನ್ನೊಂದು ವಿಷಯ, ರೇಡಿಯಂ. ಕೆಲವು ಡಯಲ್‌ಗಳ ಅಂಕಿ, ಮುಳ್ಳುಗಳಿಗೆ ಕತ್ತಲಲ್ಲಿ ಹೊಳೆಯಲಿ ಅಂತ ರೇಡಿಯಂ ಬಣ್ಣ ಹಾಕಿದ್ದಾರೆ. ನ್ಯೂಜೆರ್ಸಿಯ ಆರೆಂಜ್, ಇಲಿನಾಯ್ಸ್‌ನ ಒಟಾವಾ ಊರುಗಳಲ್ಲಿ ಈ ಬಣ್ಣ ಹಚ್ಚುತ್ತಿದ್ದ ಹುಡುಗಿಯರು ಕುಂಚದ ತುದಿ ಚೂಪಾಗಲಿ ಅಂತ ತುಟಿಗೆ ಇಟ್ಟುಕೊಳ್ಳುತ್ತಿದ್ದರು, ಅವರಲ್ಲಿ ಹಲವರು ಮೂಳೆ ಕೊಳೆತು ಸತ್ತರು. ಇದನ್ನು ಮರೆತು ಆ ಡಯಲ್ ನೋಡಲು ನನಗೆ ಆಗುವುದಿಲ್ಲ. ಈಗ ಅದು ಹೊಳೆಯುವುದಿಲ್ಲ, ಏಕೆಂದರೆ ಜೊತೆಗೆ ಬೆರೆಸಿದ ಹೊಳೆಯುವ ಪುಡಿ ಸವೆದಿದೆ. ರೇಡಿಯಂ ಮಾತ್ರ ಅಲ್ಲೇ ಇದೆ, ಅದರ ಶಕ್ತಿ ಅರ್ಧಕ್ಕೆ ಇಳಿಯಲು ಸುಮಾರು 1600 ವರ್ಷ ಬೇಕು. ತುಂಬ ದಿನ ಒಂದೇ ಕಡೆ ನಿಂತ ಮುಳ್ಳಿನ ಕೆಳಗೆ ಡಯಲ್ ಮೇಲೆ ಸುಟ್ಟಂಥ ಕಂದು ನೆರಳು ಕಂಡರೆ ಅದೇ ಗುರುತು. ಅಂಥ ವಾಚನ್ನು ಮನೆಯಲ್ಲಿ ಬಿಚ್ಚಬೇಡಿ, ಬಣ್ಣ ಕೆರೆಯಬೇಡಿ, ಊದಬೇಡಿ. ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ರೇಡಿಯಂ ಇಲ್ಲದ್ದನ್ನೇ ಆರಿಸಿ. ಆರ್ಟ್ ಡೆಕೊ ವಾಚುಗಳಲ್ಲಿ ಇಲ್ಲದವೇ ಬೇಕಾದಷ್ಟಿವೆ.

ಗಟ್ಟಿ ಚಿನ್ನವಾ, ಗೋಲ್ಡ್ ಫಿಲ್ಡ್‌ ಆ, ಗಿಲೀಟಾ?

ರೋಲ್ಡ್ ಗೋಲ್ಡ್ ಬಳೆ ಅನ್ನುವ ಮಾತು ನಮ್ಮ ಮನೆಗಳಲ್ಲಿ ಹೊಸದಲ್ಲ. ಅದೇ ಜಾತಿಯ ಕೆಲಸ ಇದು. ಹಿತ್ತಾಳೆಯಂಥ ಲೋಹದ ಮೇಲೆ ಚಿನ್ನದ ಹಾಳೆಯನ್ನು ಬಿಸಿ ಮತ್ತು ಒತ್ತಡದಿಂದ ಕೂಡಿಸಿ, ಆ ತಗಡಿನಿಂದ ಕೇಸು ಮಾಡುತ್ತಾರೆ. ಹಾಳೆ ದಪ್ಪವಾಗಿದ್ದರೆ ಗೋಲ್ಡ್ ಫಿಲ್ಡ್, ತೆಳುವಾಗಿದ್ದರೆ ರೋಲ್ಡ್ ಗೋಲ್ಡ್ ಪ್ಲೇಟ್. ಗಿಲೀಟು ಇವೆರಡಕ್ಕಿಂತ ಬಹಳ ತೆಳು. ಹಿಂದಿನ ಮುಚ್ಚಳ ತೆಗೆದರೆ ಒಳಗೆ ಬರೆದಿರುತ್ತದೆ. ಬರೀ 14ಕೆ ಅಂತ ಇದ್ದರೆ ಗಟ್ಟಿ ಚಿನ್ನ, ಅದರ ಮುಂದೆ ಗೋಲ್ಡ್ ಫಿಲ್ಡ್ ಅಂತ ಇದ್ದರೆ ಹೊದಿಕೆ. ಮುಚ್ಚಳ ಒಂದು ತರ, ಮೇಲಿನ ಭಾಗ ಇನ್ನೊಂದು ತರ ಇರುವುದೂ ಉಂಟು, ಎರಡನ್ನೂ ಓದಿ. 22 ಕ್ಯಾರೆಟ್ ಚಿನ್ನ ನೋಡಿ ಬೆಳೆದ ನಮಗೆ 14 ಅಂದರೆ ಕಮ್ಮಿ ಅನ್ನಿಸಬಹುದು. ಆದರೆ ಕೇಸಿಗೆ ಗಟ್ಟಿತನ ಬೇಕು, ಮೆತ್ತಗಿನ ಚಿನ್ನದಲ್ಲಿ ಆ ಚೂಪು ಮೆಟ್ಟಿಲು ನಿಲ್ಲುವುದಿಲ್ಲ.

ನನ್ನ ಸಲಹೆ ಗೋಲ್ಡ್ ಫಿಲ್ಡ್. ಆ ಕಾಲದ ಗೋಲ್ಡ್ ಫಿಲ್ಡ್ ಒಳ್ಳೆಯ ದಪ್ಪದ್ದು, ವ್ಯಾಡ್ಸ್‌ವರ್ತ್, ಸ್ಟಾರ್, ಕೀಸ್ಟೋನ್ ಅಂತ ಕೇಸು ಮಾಡುವುದನ್ನೇ ಕಸುಬು ಮಾಡಿಕೊಂಡ ಕಂಪನಿಗಳು ಇದ್ದವು. ಸವೆತ ಎಲ್ಲಿ ನೋಡಬೇಕು ಅಂದರೆ ಬೆಲ್ಟು ಸಿಕ್ಕಿಸುವ ಕೊಂಬುಗಳ ತುದಿ, ಮೂಲೆಗಳು, ಕೀ ಕೊಡುವ ತಿರುಪಿನ ಅಕ್ಕಪಕ್ಕ. ಅಲ್ಲಿ ಬಣ್ಣ ಬದಲಾಗಿ ಹಸಿರು ಹಳದಿ ಇಣುಕಿದರೆ ಚಿನ್ನ ಹೋಗಿ ಹಿತ್ತಾಳೆ ಬಂದಿದೆ. ಒಂದೆರಡು ಸಾಸಿವೆ ಕಾಳಿನಷ್ಟು ಜಾಗ ಆದರೆ ಪರವಾಗಿಲ್ಲ, ಅದು ವಯಸ್ಸು. ಪಾಲಿಶ್ ಮಾಡಿಸಿ ಮೆಟ್ಟಿಲುಗಳೆಲ್ಲ ಸೋಪಿನ ತುಂಡಿನಂತೆ ಕರಗಿದ್ದರೆ ಮಾತ್ರ ಕೈ ಮುಗಿದು ಬಿಟ್ಟುಬಿಡಿ. ಹೋದ ಅಂಚು ಮತ್ತೆ ಬರುವುದಿಲ್ಲ.

ಮುಚ್ಚಳದ ಒಳಗೆ ನೋಡುವಾಗ ಇನ್ನೊಂದು ಖುಷಿ ಇದೆ. ಸೂಜಿಯಿಂದ ಗೀಚಿದ ಪುಟ್ಟ ಅಂಕಿ, ಅಕ್ಷರಗಳು ಕಾಣುತ್ತವೆ. ಒಬ್ಬೊಬ್ಬ ರಿಪೇರಿಯವನೂ ತಾನು ಬಿಚ್ಚಿದಾಗ ಹಾಕಿದ ಗುರುತು. ನನ್ನ ಒಂದು ವಾಚಿನಲ್ಲಿ ಏಳು ಇವೆ. ಏಳು ಸಲ ಯಾರೋ ಇದನ್ನು ಎಸೆಯದೆ ಸರಿ ಮಾಡಿಸಿದ್ದಾರೆ.

ಈಗ ಕಂಪನಿಗಳು

ಹ್ಯಾಮಿಲ್ಟನ್. ಪೆನ್ಸಿಲ್ವೇನಿಯಾದ ಲ್ಯಾಂಕಾಸ್ಟರ್ ಊರಿನದು, 1892ರಲ್ಲಿ ಶುರು. ರೈಲ್ವೆ ಗಡಿಯಾರಗಳಿಂದ ಹೆಸರು ಮಾಡಿದ ಕಂಪನಿ, ಆ ಶಿಸ್ತು ಕೈಗಡಿಯಾರಕ್ಕೂ ಬಂತು. ಮಷೀನು ಅಲ್ಲೇ ತಯಾರು. 1928ರ ಪೈಪಿಂಗ್ ರಾಕ್ ಇವರ ಅತಿ ಪ್ರಸಿದ್ಧ ಡೆಕೊ ವಾಚು. ಅಂಕಿಗಳು ಡಯಲ್ ಮೇಲಿಲ್ಲ, ಸುತ್ತಲಿನ ಚಿನ್ನದ ಅಂಚಿನ ಮೇಲೆ ಕಪ್ಪು ಎನಾಮೆಲ್‌ನಲ್ಲಿ, ಅಂದರೆ ಗಾಜಿನಂಥ ಗಟ್ಟಿ ಬಣ್ಣದಲ್ಲಿ, ಇವೆ. ಆ ವರ್ಷ ಬೇಸ್‌ಬಾಲಿನ ವರ್ಲ್ಡ್ ಸೀರೀಸ್ ಗೆದ್ದ ನ್ಯೂಯಾರ್ಕ್ ಯಾಂಕೀಸ್ ಆಟಗಾರರಿಗೆ ಇದನ್ನೇ ಕೊಟ್ಟರು. ಸ್ಪರ್, ಕೊರೊನಾಡೊ ಕೂಡ ಇದೇ ಎನಾಮೆಲ್ ಮನೆತನದವು. ಮೂರೂ ದುಬಾರಿ, ಮೂರರಲ್ಲೂ ಎನಾಮೆಲ್ ಚೂರು ಹಾರಿರುವುದು ಸಾಮಾನ್ಯ, ಹಾರಿದ್ದನ್ನು ಮತ್ತೆ ತುಂಬಿ ಹೊಸದರಂತೆ ಮಾರುವುದೂ ಸಾಮಾನ್ಯ. ಮೊದಲ ವಾಚಿಗೆ ಅಲ್ಲಿಗೆ ಹೋಗಬೇಡಿ.

ಹೋಗಬೇಕಾದ್ದು ಇವರದೇ 1930ರ ದಶಕದ ಗೋಲ್ಡ್ ಫಿಲ್ಡ್ ವಾಚುಗಳ ಕಡೆ. ಒಳಗೆ 980 ಅಥವಾ 982 ಅನ್ನುವ ಮಷೀನ್ ಇರುತ್ತದೆ. 980ರಲ್ಲಿ 17 ಜ್ಯುವೆಲ್ (ಚಕ್ರಗಳ ಅಚ್ಚು ಸವೆಯದಿರಲಿ ಅಂತ ಕೂರಿಸುವ ಪುಟ್ಟ ಕಲ್ಲುಗಳು), 1935ರಲ್ಲಿ ಬಂದ 982ರಲ್ಲಿ 19. ಬಿಚ್ಚಿ ನೋಡಿದರೆ ಕಣ್ಣು ತುಂಬುವಷ್ಟು ಚೆಂದದ ಕೆಲಸ, ಯಾರೂ ನೋಡದ ಜಾಗದಲ್ಲಿ ಅಲೆ ಅಲೆಯಾದ ಗೆರೆ. ಈ ಮಷೀನುಗಳನ್ನು ತುಂಬ ವರ್ಷ, ತುಂಬ ಸಂಖ್ಯೆಯಲ್ಲಿ ಮಾಡಿದ್ದರಿಂದ ಬಿಡಿಭಾಗ ಇನ್ನೂ ಸಿಗುತ್ತವೆ. ನನ್ನ ಮಟ್ಟಿಗೆ ಇದು ಎಲ್ಲಕ್ಕಿಂತ ದೊಡ್ಡ ಕಾರಣ. 1940ರ ಸುಮಾರಿನ ಬೌಲ್ಟನ್ ಮಾದರಿ ಹುಡುಕಿ. ಅದರ ಹೊಸ ರೂಪವನ್ನು ಅದೇ ಹೆಸರಿನಲ್ಲಿ ಕಂಪನಿ ಮತ್ತೆ ತಂದಿದೆ, ಹಾಗಾಗಿ ಜಾಹೀರಾತಿನಲ್ಲಿ ಬೌಲ್ಟನ್ ಅಂತ ಕಂಡ ಕೂಡಲೇ ಹಳೆಯದಾ, ಹೊಸದಾ ಕೇಳಿಕೊಳ್ಳಿ. ಸ್ವಲ್ಪ ವಿಚಿತ್ರ ಬೇಕು ಅಂದರೆ ಸೆಕ್ರಾನ್ ಇದೆ, ಮೇಲೆ ಗಂಟೆ ನಿಮಿಷಕ್ಕೆ ಒಂದು ಡಯಲ್, ಕೆಳಗೆ ಸೆಕೆಂಡಿಗೆ ಇನ್ನೊಂದು, ಡಾಕ್ಟರುಗಳು ನಾಡಿ ಎಣಿಸಲಿ ಅಂತ. 1938ರ ಓಟಿಸ್ ಡಯಲ್ ಒಳಮುಖವಾಗುವಂತೆ ಮಗುಚಿ ಹಾಕುವ ವಾಚು. ಇವೆರಡೂ ಅಪರೂಪ.

ಇಲಿನಾಯ್ಸ್. ನನ್ನ ಮನಸ್ಸು ಇರುವುದು ಇಲ್ಲಿ. ಲಿಂಕನ್ ಇದ್ದ ಸ್ಪ್ರಿಂಗ್‌ಫೀಲ್ಡ್ ಊರಿನ ಕಂಪನಿ. ಲಿಂಕನ್ನರ ಮೊದಲ ವಕೀಲಿ ಪಾಲುದಾರ ಜಾನ್ ಸ್ಟೂವರ್ಟ್ ಇದರ ಮೊದಲ ಅಧ್ಯಕ್ಷ. 1920ರ ದಶಕದ ಕೊನೆಯಲ್ಲಿ ಹ್ಯಾಮಿಲ್ಟನ್ ಇದನ್ನು ಕೊಂಡಿತು, ಕೆಲವೇ ವರ್ಷದಲ್ಲಿ ಸ್ಪ್ರಿಂಗ್‌ಫೀಲ್ಡ್ ಕಾರ್ಖಾನೆ ನಿಂತಿತು. ಮುಚ್ಚುವ ಮೊದಲಿನ ಆ ಕೆಲವು ವರ್ಷ ಇವರು ಮಾಡಿದ ಕೇಸುಗಳಿವೆಯಲ್ಲ, ಅಷ್ಟು ಧೈರ್ಯದ ಕೆಲಸ ಅಮೆರಿಕದಲ್ಲಿ ಬೇರೆ ಯಾರೂ ಮಾಡಲಿಲ್ಲ ಅಂತ ನಾನು ನಂಬಿದ್ದೇನೆ. ಮಾರ್ಕ್ವಿಸ್, ಬೋ ಮಾಂಡ್, ಕಾನ್ಸಲ್, ಚೀಫ್‌ಟನ್, ಜಾಲಿ ರೋಜರ್. ಕೆಲವು ಮಾದರಿಯಲ್ಲಿ ಸೆಕೆಂಡ್ ಮುಳ್ಳು 6ರ ಜಾಗದಲ್ಲಿಲ್ಲ, 9ರ ಹತ್ತಿರ ಇದೆ. ಮೊದಲು ನೋಡಿದಾಗ ಏನೋ ತಪ್ಪಾಗಿದೆ ಅನ್ನಿಸುತ್ತದೆ, ಆಮೇಲೆ ಬೇರೆ ವಾಚು ಸಪ್ಪೆ ಅನ್ನಿಸುತ್ತದೆ. ತೊಂದರೆ ಏನೆಂದರೆ ಮಾಡಿದ್ದೇ ಸ್ವಲ್ಪ ಕಾಲ, ಬಿಡಿಭಾಗ ಹುಡುಕಲು ಇನ್ನೊಂದು ಕೆಟ್ಟ ವಾಚನ್ನೇ ಕೊಳ್ಳಬೇಕಾಗಬಹುದು. ಎರಡನೇ ವಾಚಾಗಿ ತಗೊಳ್ಳಿ.

ಎಲ್ಜಿನ್. ಶಿಕಾಗೊ ಹತ್ತಿರದ ಎಲ್ಜಿನ್ ಊರು, 1864ರಲ್ಲಿ ಶುರು. ನಕ್ಷತ್ರ ನೋಡಿ ಸರಿಯಾದ ಸಮಯ ತಿಳಿಯಲು ತಮ್ಮದೇ ವೀಕ್ಷಣಾಲಯ ಕಟ್ಟಿಕೊಂಡವರು. ಲೆಕ್ಕವಿಲ್ಲದಷ್ಟು ವಾಚು ಮಾಡಿದರು, ಅದಕ್ಕೇ ಬೆಲೆ ಕಮ್ಮಿ, ಅದಕ್ಕೇ ಜನ ಮೂಗು ಮುರಿಯುತ್ತಾರೆ. ಅದು ಅನ್ಯಾಯ. ಮೆಟ್ಟಿಲು ಕೇಸಿನ 1930ರ ದಶಕದ ಎಲ್ಜಿನ್, ಮೂಲ ಡಯಲ್ ಇದ್ದರೆ, ದುಡ್ಡಿಗೆ ಸಿಗುವ ಚೆಂದದಲ್ಲಿ ಇದನ್ನು ಮೀರಿಸುವುದು ಯಾವುದೂ ಇಲ್ಲ. ಲಾರ್ಡ್ ಎಲ್ಜಿನ್ ಅಂತ 1937ರಿಂದ ಬಂದ ಮೇಲ್ದರ್ಜೆಯದರಲ್ಲಿ 21 ಜ್ಯುವೆಲ್. ಮಷೀನ್ ಮೇಲಿನ ನಂಬರ್ ನೋಡಿ ವರ್ಷ ಹೇಳುವ ಪಟ್ಟಿಗಳು ಸುಲಭವಾಗಿ ಸಿಗುತ್ತವೆ. ಕೈ ಬಿಗಿ ಇರುವವರು, ವಿದ್ಯಾರ್ಥಿಗಳು, ಸುಮ್ನೆ ಒಂದು ನೋಡೋಣ ಅನ್ನುವವರು ಇಲ್ಲಿಂದ ಶುರು ಮಾಡಿ.

ಬುಲೋವಾ. ನ್ಯೂಯಾರ್ಕಿನ ಹೆಸರು, ಮಷೀನ್ ಸ್ವಿಟ್ಜರ್ಲೆಂಡಿನ ಬೀಲ್ ಊರಿನದು, ಕೇಸು ಅಮೆರಿಕದ್ದು. 1927ರಲ್ಲಿ ಲಿಂಡ್‌ಬರ್ಗ್ ಒಂಟಿಯಾಗಿ ಅಟ್ಲಾಂಟಿಕ್ ದಾಟಿದ ಕೂಡಲೇ ಲೋನ್ ಈಗಲ್ ಅನ್ನುವ ವಾಚು ತಂದವರು, ಜಾಹೀರಾತಿನಲ್ಲಿ ಯಾವಾಗಲೂ ಮುಂದೆ. ಇವರ ವಾಚಿನ ದೊಡ್ಡ ಅನುಕೂಲ ಅಂದರೆ ವರ್ಷದ ಗುರುತು. 1924ರಿಂದ 1949ರವರೆಗೆ ಮಷೀನ್ ಮೇಲೆ ತ್ರಿಕೋನ, ವೃತ್ತ, ನಕ್ಷತ್ರದಂಥ ಪುಟ್ಟ ಚಿಹ್ನೆ ಒತ್ತಿರುತ್ತಾರೆ. ಕೇಸಿನ ನಂಬರಿನ ಮೊದಲ ಅಂಕಿಯೂ ಸಾಮಾನ್ಯವಾಗಿ ವರ್ಷದ ಕೊನೆಯ ಅಂಕಿಗೆ ಹೊಂದುತ್ತದೆ. ಎರಡೂ ಹೊಂದದಿದ್ದರೆ ಒಂದು ವಾಚಿನ ಮಷೀನನ್ನು ಇನ್ನೊಂದರ ಕೇಸಿಗೆ ಹಾಕಿದ್ದಾರಾ ಅಂತ ಕೇಳಬೇಕು. ಕೇಸಿನ ಗುಣಮಟ್ಟದಲ್ಲಿ ಮಾತ್ರ ಏರುಪೇರು ಜಾಸ್ತಿ. ಗಟ್ಟಿ ಚಿನ್ನವೂ ಇದೆ, ಬೇಗ ಸವೆಯುವ ತೆಳು ಲೇಪವೂ ಇದೆ.

ವಾಲ್ಥಮ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಮ್ಯಾಸಚೂಸೆಟ್ಸ್‌ನ ಹಳೇ ದೊಡ್ಡ ಮನೆತನ, ಜೇಬಿನ ಗಡಿಯಾರದಲ್ಲಿ ರಾಜ. ಡೆಕೊ ಕೈಗಡಿಯಾರದಲ್ಲಿ ನನ್ನನ್ನು ಅಷ್ಟು ಸೆಳೆದಿಲ್ಲ.

ಗ್ರೂಯೆನ್ ಕರ್ವೆಕ್ಸ್, ನಾನು ಎಡವಿದ ಜಾಗ

ಗ್ರೂಯೆನ್ ಒಹಾಯೊದ ಸಿನ್ಸಿನಾಟಿಯ ಕಂಪನಿ. ಟೈಮ್ ಹಿಲ್ ಅಂತ ಗುಡ್ಡದ ಮೇಲೆ ಯುರೋಪಿನ ಹಳೇ ಕಸುಬುದಾರರ ಸಂಘದ ಮನೆಯಂತೆ ಕಟ್ಟಡ ಕಟ್ಟಿಕೊಂಡಿದ್ದರು. ಮಷೀನ್ ಬೀಲ್‌ನಿಂದ ಬಂದು ಅಲ್ಲಿ ಕೇಸು ಸೇರುತ್ತಿತ್ತು. ದುಂಡು ಮಷೀನನ್ನು ಚೌಕದ ಕೇಸಿನಲ್ಲಿ ತುರುಕುತ್ತಿದ್ದ ಕಾಲದಲ್ಲಿ, 1921ರಲ್ಲೇ, ಕಾರ್ಟೂಶ್ ಅಂತ ಚೌಕದ ಕೇಸಿಗೆ ಚೌಕದ್ದೇ ಮಷೀನ್ ತಂದರು. 1935ರಲ್ಲಿ ಅದಕ್ಕೂ ಮುಂದೆ ಹೋದರು. ಎಲ್ಲರೂ ಕೇಸು ಮಾತ್ರ ಬಗ್ಗಿಸಿ ಒಳಗೆ ಚಪ್ಪಟೆ ಮಷೀನ್ ಇಡುತ್ತಿದ್ದರು, ಹಾಗಾಗಿ ಅದು ಚಿಕ್ಕದಿರಬೇಕಿತ್ತು, ಸುತ್ತ ಜಾಗ ದಂಡ. ಗ್ರೂಯೆನ್ ಮಷೀನನ್ನೇ ಬಗ್ಗಿಸಿತು. ಅದೇ ಕರ್ವೆಕ್ಸ್. ಮೊದಲ ಮಷೀನ್ 311, ಆಮೇಲೆ 330, 1940ರಲ್ಲಿ 440.

ಕೈಗೆ ಕಟ್ಟಿದರೆ ಚರ್ಮಕ್ಕೆ ಅಂಟಿದಂತೆ ಕೂರುತ್ತದೆ. ಇದರಷ್ಟು ಸೊಗಸು ಬೇರೊಂದಿಲ್ಲ. ಆದರೆ ಗ್ರೂಯೆನ್ನಿನವರೇ ಮಾಡಿದ, ಕೇಸು ಮಾತ್ರ ಬಗ್ಗಿದ, ಮಷೀನ್ ಚಪ್ಪಟೆ ಇರುವ ವಾಚುಗಳೂ ಬಹಳ ಇವೆ. ಅಂಥದ್ದನ್ನು ಕರ್ವೆಕ್ಸ್ ಅಂತ ನಂಬಿ ನಾನು ಒಬ್ಬ ಮಾರಾಟಗಾರನಿಂದ ತರಿಸಿದೆ. ಅವನು ಹಾಕಿದ ಫೋಟೋಗಳಲ್ಲಿ ಒಳಗಿನದ್ದು ಒಂದೂ ಇರಲಿಲ್ಲ, ನಾನೂ ಕೇಳಲಿಲ್ಲ. ಬೆಂಗಳೂರಿನಲ್ಲಿ ನನ್ನ ವಾಚು ನೋಡುವ ಯಜಮಾನರು ಎಚ್‌ಎಂಟಿ ಮಷೀನುಗಳ ಮೇಲೆ ಕೈ ಪಳಗಿಸಿಕೊಂಡವರು. ಮುಚ್ಚಳ ತೆಗೆದು, ಕಣ್ಣಿನ ಗ್ಲಾಸು ಹಾಕಿಕೊಂಡು, ಸ್ವಲ್ಪ ಹೊತ್ತು ಸುಮ್ಮನಿದ್ದರು.

"ಸಾರ್, ನೀವು ಮಷೀನ್ ಬಗ್ಗಿರ್ತದೆ ಅಂದ್ರಲ್ಲ, ಇದು ನೆಟ್ಟಗೇ ಇದೆ."

ಅಷ್ಟೇ ಅಂದರು. ನಾನು ಬಗ್ಗಿ ನೋಡಿದೆ. ನೆಟ್ಟಗೇ ಇತ್ತು. ಅಂದಿನಿಂದ ಮಷೀನಿನ ಫೋಟೋ ಇಲ್ಲದ ವಾಚನ್ನು ನಾನು ಮುಟ್ಟುವುದಿಲ್ಲ. ಡಯಲ್ ಮೇಲೆ ಕರ್ವೆಕ್ಸ್ ಅನ್ನುವ ಪದ ಇರಬೇಕು, ಮಷೀನ್ ಮೇಲೆ ಆಗಲೇ ಹೇಳಿದ ನಂಬರುಗಳಲ್ಲೊಂದು ಇರಬೇಕು. ಇವೆರಡೂ ಇದ್ದರೂ ಇನ್ನೊಂದು ಮಾತು: ಬಗ್ಗಿದ ಮಷೀನಿನ ಕೆಲಸ ಎಲ್ಲರಿಗೂ ಬರುವುದಿಲ್ಲ, ಎತ್ತರಕ್ಕೆ ಬಾಗಿದ ಆ ಗ್ಲಾಸು ಒಡೆದರೆ ಅದೇ ಅಳತೆಯದು ಹುಡುಕುವುದು ದೊಡ್ಡ ತಲೆನೋವು. ಪ್ರೀತಿ ಇದ್ದರೆ ಮಾತ್ರ ಕೊಳ್ಳಿ, ರಿಪೇರಿಯವರನ್ನು ಮೊದಲು ಹುಡುಕಿಕೊಂಡು ಆಮೇಲೆ ಕೊಳ್ಳಿ.

ಗ್ರೂಯೆನ್, ಬುಲೋವಾ ಮಷೀನ್ ಮೇಲೆ ಅನ್‌ಅಡ್ಜಸ್ಟೆಡ್ ಅಂತ ಬರೆದಿದ್ದರೆ ಹೆದರಬೇಡಿ. ಆಗ ಹೊರದೇಶದ ಮಷೀನಿನ ಮೇಲೆ ಜ್ಯುವೆಲ್ ಎಷ್ಟು, ಎಷ್ಟು ರೀತಿಯಲ್ಲಿ ಸಮಯ ಸರಿಹೊಂದಿಸಿದೆ ಅಂತ ನೋಡಿ ಸುಂಕ ಹಾಕುತ್ತಿದ್ದರು. 1930ರ ಸುಂಕದ ಕಾನೂನಿನಲ್ಲಿ 17 ಜ್ಯುವೆಲ್ ದಾಟಿದರೆ ಒಂದೊಂದು ಮಷೀನಿಗೂ 10.75 ಡಾಲರ್. ಅದಕ್ಕೇ ಹೊರಗಿನಿಂದ ಬಂದವುಗಳಲ್ಲಿ 15, 17 ಜ್ಯುವೆಲ್ಲೇ ಹೆಚ್ಚು, ಅನ್‌ಅಡ್ಜಸ್ಟೆಡ್ ಅನ್ನುವ ಪದವೂ ಸುಂಕ ಉಳಿಸಲು. ಮಷೀನ್ ಕೆಟ್ಟದ್ದು ಅಂತ ಅದರ ಅರ್ಥ ಅಲ್ಲ.

ಹಾಗಾದರೆ ಯಾವುದು?

ಒಂದೇ ವಾಚು, ವಾರಕ್ಕೆ ಎರಡು ಮೂರು ದಿನ ಕಟ್ಟಬೇಕು ಅನ್ನುವವರಿಗೆ 980 ಅಥವಾ 982 ಇರುವ ಗೋಲ್ಡ್ ಫಿಲ್ಡ್ ಹ್ಯಾಮಿಲ್ಟನ್. ದುಡ್ಡು ಕಡಿಮೆ ಇದ್ದರೆ ಎಲ್ಜಿನ್, ಮೂಲ ಡಯಲ್ ಸಿಗುವವರೆಗೆ ಕಾಯುವ ತಾಳ್ಮೆ ಇಟ್ಟುಕೊಳ್ಳಿ. ವರ್ಷ ಖಚಿತ ಇರಬೇಕು, ಅಜ್ಜ ಮದುವೆಯಾದ ವರ್ಷದ್ದೋ ಹುಟ್ಟಿದ ವರ್ಷದ್ದೋ ಬೇಕು ಅಂದರೆ ಬುಲೋವಾ. ಉಳಿದವು ಆಮೇಲೆ.

ಕಟ್ಟುವಾಗ ನೆನಪಿಡಿ, ಇವಕ್ಕೆ ನೀರಿನಿಂದ ಯಾವ ರಕ್ಷಣೆಯೂ ಇಲ್ಲ. ಮುಚ್ಚಳ ಸುಮ್ನೆ ಒತ್ತಿ ಕೂರಿಸಿದ್ದು, ರಬ್ಬರು ಗಿಬ್ಬರು ಏನೂ ಇಲ್ಲ. ಮಂಗಳೂರಿನ ಮೇ ತಿಂಗಳಲ್ಲಿ ಮಣಿಕಟ್ಟಿನ ಬೆವರೇ ಇದಕ್ಕೆ ಸಾಕು, ಒಳಗೆ ತುಕ್ಕು ಹಿಡಿಯುತ್ತದೆ. ಕರಾವಳಿಯವರು ಚಳಿಗಾಲದಲ್ಲಿ, ಸಂಜೆ ಹೊತ್ತು ಕಟ್ಟಿ. ಪೆಟ್ಟು ತಡೆಯುವ ಏರ್ಪಾಡೂ ಇಲ್ಲ. ಸೊಂಟದ ಎತ್ತರದಿಂದ ಸಿಮೆಂಟ್ ನೆಲಕ್ಕೆ ಬಿದ್ದರೆ ಬ್ಯಾಲೆನ್ಸ್ ಸ್ಟಾಫ್, ಅಂದರೆ ಓಲಾಡುವ ಚಕ್ರದ ಕೂದಲೆಳೆಯಂಥ ಅಚ್ಚು, ಮುರಿಯುತ್ತದೆ. ಹಾಸಿಗೆ ಮೇಲೆ ಕೂತು ಕಟ್ಟಿಕೊಳ್ಳಿ, ನಾನು ಹಾಗೇ ಮಾಡುವುದು. ದಿನಾ ಬೆಳಗ್ಗೆ ಒಂದೇ ಹೊತ್ತಿಗೆ ಕೀ ಕೊಡಿ, ಬಿಗಿಯಾದ ಕೂಡಲೇ ನಿಲ್ಲಿಸಿ. ಫೋನಿನ ಸ್ಪೀಕರ್ ಪಕ್ಕ ರಾತ್ರಿ ಇಡಬೇಡಿ, ಅಯಸ್ಕಾಂತ ಹಿಡಿದರೆ ಇದ್ದಕ್ಕಿದ್ದಂತೆ ಮುಂದೆ ಓಡತೊಡಗುತ್ತದೆ.

ದೂರದಿಂದ ತರಿಸುವವರು ಮಾರುವವರ ಹತ್ತಿರ ನಾಲ್ಕು ಫೋಟೋ ಕೇಳಿ. ಡಯಲ್ ನೇರಕ್ಕೆ, ಮಷೀನ್ ನಂಬರ್ ಓದುವಂತೆ, ಮುಚ್ಚಳದ ಒಳಭಾಗ, ಮತ್ತು ಪಕ್ಕದಿಂದ ಒಂದು. ಈ ಪಕ್ಕದ ಫೋಟೋವನ್ನು ಯಾರೂ ತಾವಾಗಿ ಹಾಕುವುದಿಲ್ಲ. ಮೆಟ್ಟಿಲು ಉಳಿದಿದೆಯಾ ಕರಗಿದೆಯಾ ಅನ್ನುವುದು ಅದೊಂದರಲ್ಲೇ ಕಾಣುವುದು, ಅದಕ್ಕೇ ಅದು ಬರುವವರೆಗೆ ದುಡ್ಡು ಕಳಿಸಬೇಡಿ.